ಮುರಿಯಲೊಲ್ಲದ ಪಾನಾ

ಹಳೆಯ ಸಾಮಾನು ಕೊಳ್ಳುವವರು ಗಟ್ಟಿಯಾದುದನ್ನು ಹುಡುಕುತ್ತಾರೆ. ನಾನು ಮುರಿಯುವಂಥದನ್ನು ಹುಡುಕಿಕೊಂಡು ಹೋದೆ. ಇದಕ್ಕೆ ನನ್ನ ಹೆಂಡತಿ ಕೊಡುವ ಕಾರಣ ಒಂದೇ ಶಬ್ದದ್ದು. ಅದು ಅಚ್ಚಿಗೆ ತಕ್ಕದ್ದಲ್ಲ. ನನ್ನ ಕಾರಣ ಸ್ವಲ್ಪ ಉದ್ದ.

ನಮ್ಮ ಅಡುಗೆಮನೆಯ ಸಿಂಕಿನ ಕೆಳಗೆ ಪೈಪಿನ ಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಬಿಗಿ ಮಾಡಲು ಪೈಪ್ ತಿರುಗಿಸುವ ಪಾನಾ ಬೇಕು. ಒಂದು ಹಳೆಯ ಕಂಪನಿ ತನ್ನ ಪಾನಾಗಳ ಹಿಡಿಯ ಮೇಲೆ ‘ಆಜೀವ ವಾರಂಟಿ’ ಎಂದು ಅಚ್ಚು ಹಾಕುತ್ತಿತ್ತು. ಕೆಲಸ ಮಾಡುವಾಗ ಮುರಿದರೆ ಯಾರೇ ತರಲಿ, ಬಿಲ್ಲು ಕೇಳದೆ ಹೊಸದು ಕೊಡುತ್ತಾರೆ. ಇದನ್ನು ನಾನು ಅವರ ಕೌಂಟರಿಗೇ ಹೋಗಿ ಖಾತ್ರಿ ಮಾಡಿಕೊಂಡು ಬಂದೆ. ಷರತ್ತು ಇಷ್ಟೆ: ಸುತ್ತಿಗೆಯಿಂದ ಕುಟ್ಟಿ ಮುರಿಯಬಾರದು, ಹಿಡಿಗೆ ಉದ್ದದ ಕೊಳವೆ ಸಿಕ್ಕಿಸಿ ಜಗ್ಗಬಾರದು. ನ್ಯಾಯವಾದ ದುಡಿಮೆಯಲ್ಲಿ ವೀರಮರಣವನ್ನಪ್ಪಬೇಕು.

ಬರುವ ದಾರಿಯಲ್ಲಿ ನನಗೆ ಹೊಳೆಯಿತು. ಈ ಕಂಪನಿಯ ಪಾನಾ ಗುಜರಿಯಲ್ಲಿ ಬಿಡಿಗಾಸಿಗೆ ಸಿಗುತ್ತದೆ. ಆದಷ್ಟು ಜೀರ್ಣವಾದುದನ್ನು ಆರಿಸಿ, ನ್ಯಾಯವಾಗಿ ದುಡಿಸಿ, ಮುರಿದೊಡನೆ ಕೌಂಟರಿಗೆ ಒಯ್ದರೆ ಹೊಚ್ಚಹೊಸದು ಕೈಗೆ ಬರುತ್ತದೆ. (ಇಂಥ ಯೋಚನೆಗಳನ್ನು ನಾನು ಹೆಂಡತಿಯ ಮುಂದೆ ಇಡುವುದಿಲ್ಲ. ಇಟ್ಟರೆ ಅವು ಅಲ್ಲೇ ಪ್ರಾಣ ಬಿಡುತ್ತವೆ, ಯಾವ ವಾರಂಟಿಯೂ ಇಲ್ಲದೆ.)

ಗುಜರಿಯವನು ರಾಶಿ ಹಾಕಿದ ಕಬ್ಬಿಣದ ನಡುವೆ ಕೂತಿದ್ದ. ಅವನು ಮೊದಲು ಎತ್ತಿಕೊಟ್ಟ ಪಾನಾ ತೂಕವಾಗಿತ್ತು, ತಿರುಪು ಬೆರಳಿಗೆ ಸಲೀಸಾಗಿ ಉರುಳುತ್ತಿತ್ತು.

“ತಗೊಳ್ಳಿ ಸಾರ್. ದವಡೆ ನೋಡಿ, ಒಂದು ಹಲ್ಲೂ ಸವೆದಿಲ್ಲ. ನಿಮ್ಮ ಮೊಮ್ಮಕ್ಕಳೂ ಇದ್ರಲ್ಲೇ ತಿರುಗಿಸ್ತಾರೆ.”

“ಬೇಡಪ್ಪ. ಇದು ತುಂಬ ಗಟ್ಟಿ.”

ಅವನು ನನ್ನ ಮುಖ ನೋಡಿದ. “ಗಟ್ಟಿ ಅಂತಾನೇ ಕೊಡ್ತಿರೋದು.”

“ಬಿರುಕು ಬಿಟ್ಟಿರೋದು ಇಲ್ವಾ?”

“ನೀವು ಗಿರಾಕಿನೋ, ಇಲ್ಲ ನನ್ನ ಹೆಸರು ಕೆಡಿಸೋಕೆ ಯಾರಾದ್ರೂ ಕಳಿಸಿದ್ದಾರೋ?”

ನಾನು ಜೇಬಿನಿಂದ ಸೀಮೆಎಣ್ಣೆಯ ಸೀಸೆ, ಬಟ್ಟೆ ಚೂರು, ಸೀಮೆಸುಣ್ಣದ ಪುಡಿ ತೆಗೆದೆ. ಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಪುಡಿ ಉದುರಿಸಬೇಕು. ಎಲ್ಲಾದರೂ ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಗೆ ಜಿನುಗಿ, ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ರಾಶಿಯಲ್ಲಿದ್ದ ಆ ಕಂಪನಿಯ ಪಾನಾಗಳಿಗೆಲ್ಲ ಪುಡಿ ಬಳಿದೆ. ಒಂದು ತುಕ್ಕು ಹಿಡಿದ ಮುದಿ ಪಾನಾದ ಕತ್ತಿನಲ್ಲಿ, ಕೂದಲೆಳೆಯಷ್ಟು ಗೆರೆ ಕಾಣಿಸಿಕೊಂಡಿತು.

“ಇಲ್ಲಿದೆ!” ಎಂದು ಕೂಗಿದೆ.

ಗುಜರಿಯವನು ಬಗ್ಗಿ ನೋಡಿ ಪೆಚ್ಚಾದ. “ಗೊತ್ತಿರ್ಲಿಲ್ಲ ಸಾರ್, ಸತ್ಯವಾಗ್ಲೂ. ಎಸೆದುಬಿಡ್ತೀನಿ ಕೊಡಿ.”

“ಎಸಿಯೋದಾ? ಕಟ್ಟಿಕೊಡಪ್ಪ.”

ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು. ಊರಿನ ಬ್ಯಾಂಡ್ ತಂಡಕ್ಕೆ ಬೇಕಾದ ಕೋಟುಗಳನ್ನೆಲ್ಲ ಹೊಲಿಯುವ ಗುತ್ತಿಗೆ ಅವಳಿಗೆ ಸಿಕ್ಕಿತ್ತು. ರವಿಕೆ, ಲಂಗಗಳಿಂದಾಚೆ ಅವಳು ಇಟ್ಟ ಮೊದಲ ದೊಡ್ಡ ಹೆಜ್ಜೆ ಅದು. ಕೆಲಸ ಒಪ್ಪಿಗೆಯಾದರೆ ಮುಂದೆ ತಂಡದ ಬಟ್ಟೆಯೆಲ್ಲ ಇವಳದೇ; ಹಾಳಾದರೆ ಮತ್ತೆ ರವಿಕೆಗೇ. ಕೋಟು ಅಚ್ಚ ಬಿಳಿ, ಅಂಚಿಗೆ ಕೆಂಪು ಪಟ್ಟಿ. ಆ ಕೆಂಪು ಒಂದು ಹನಿ ನೀರು ಬಿದ್ದರೂ ಬಣ್ಣ ಬಿಡುವ ಜಾತಿಯದು. ಕೋಟುಗಳು ಹಗ್ಗದ ಮೇಲೆ, ಮಂಚದ ಮೇಲೆ, ಕುರ್ಚಿಗಳ ಬೆನ್ನ ಮೇಲೆ ಇದ್ದವು. ಅಡುಗೆಮನೆಯ ಬಾಗಿಲನ್ನೂ ಅವಳು ಬಿಚ್ಚಿ, ಬಟ್ಟೆ ಕತ್ತರಿಸುವ ಮೇಜು ಮಾಡಿಕೊಂಡಿದ್ದಳು.

ನನ್ನ ಕೈಯಲ್ಲಿದ್ದ ಪಾನಾವನ್ನು ಅವಳು ತಲೆಯೆತ್ತದೆಯೇ ಕಂಡಳು.

“ರೀ, ಇವತ್ತು ಆ ಪೈಪಿಗೆ ಕೈ ಹಾಕ್ಬೇಡಿ. ಸಂಜೆ ಬ್ಯಾಂಡ್ ಮಾಸ್ತರ್ರು ಬರ್ತಾರೆ. ಕೋಟು ಹೊರಗೆ ಹೋಗ್ಲಿ. ಆಮೇಲೆ ಸಿಂಕನ್ನ ಕಿತ್ತು ತಲೆ ಮೇಲೆ ಇಟ್ಕೊಂಡು ಕುಣೀರಿ.”

“ಅರ್ಧ ಸುತ್ತು ಅಷ್ಟೆ ಕಣೇ.”

“ನಿಮ್ಮ ಅರ್ಧ ಸುತ್ತು ನನಗೆ ಗೊತ್ತು.”

ಅರ್ಧ ಸುತ್ತು ತಿರುಗಿಸಿದೆ. ಸೋರುವುದು ನಿಂತಿತು. ಬುದ್ಧಿಯಿದ್ದವನು ಅಲ್ಲಿಗೆ ಎದ್ದು ಬರುತ್ತಿದ್ದ. ಆದರೆ ಪಾನಾ ಮುರಿದಿರಲಿಲ್ಲ. ಇನ್ನರ್ಧ ಸುತ್ತಿದೆ, ಮುರಿಯಲಿಲ್ಲ. ನ್ಯಾಯವಾದ ದುಡಿಮೆಗೆ ಒಂದು ಮಿತಿಯಿದೆ ಎಂದು ಆ ಕೌಂಟರಿನವರು ಹೇಳಿರಲಿಲ್ಲವಲ್ಲ? ಕಾಲನ್ನು ಗೋಡೆಗೆ ಕೊಟ್ಟು, ಹಲ್ಲು ಕಚ್ಚಿ ಎಳೆದೆ.

ಪಟ್ ಎಂದಿತು. ಸಂತೋಷದಿಂದ ಪಾನಾ ನೋಡಿದೆ. ಅದು ಕಲ್ಲಿನಂತಿತ್ತು. ಮುರಿದದ್ದು ಪೈಪು.

ನೀರಿನ ಧಾರೆ ನನ್ನ ಕಿವಿಯ ಪಕ್ಕದಿಂದ ಹಾದು, ಬಾಗಿಲಿಲ್ಲದ ಬಾಗಿಲಿನತ್ತ ನೇರ ಹೋಯಿತು. ಮೊದಲ ಕೋಟಿಗೂ ಅದಕ್ಕೂ ಒಂದು ಮೊಳದ ಅಂತರ. ಏನು ಮಾಡಿದೆನೋ ತಿಳಿಯದು, ಪಾನಾದ ದವಡೆಗೆ ಪೈಪನ್ನು ಕಚ್ಚಿಸಿ ಮೇಲಕ್ಕೆ ಒತ್ತಿ ಹಿಡಿದೆ. ಮುರಿದ ತುದಿ ತನ್ನ ಜಾಗದಲ್ಲಿ ಕೂತಿತು. ಧಾರೆ ನಿಂತಿತು. ಕೈಯನ್ನು ಎಳ್ಳಷ್ಟು ಸಡಿಲಿಸಿದರೆ ಬುಸ್ ಎನ್ನುತ್ತಿತ್ತು.

“ಏನ್ರೀ ಅದು ಶಬ್ದ?”

“ಏನಿಲ್ಲ. ಸ್ವಲ್ಪ ಹೊರಗಿನ ವಾಲ್ವು ಬಂದ್ ಮಾಡ್ತೀಯಾ?”

ಅವಳು ಬಂದು ನೆಲ ನೋಡಿದಳು, ನನ್ನನ್ನು ನೋಡಿದಳು. ಹಿತ್ತಲಿಗೆ ಓಡಿದಳು. ನಮ್ಮದು ತೊಟ್ಟಿಯಿಲ್ಲದ ಮನೆ. ಬೀದಿಯ ನೀರು ನೇರ ನಲ್ಲಿಗೆ ಬರುತ್ತದೆ. ತಿರುಗಿ ಬಂದಾಗ ಅವಳ ದನಿ ತಣ್ಣಗಿತ್ತು. ಅವಳ ದನಿ ತಣ್ಣಗಾದರೆ ನನಗೆ ಬೆವರು ಬರುತ್ತದೆ.

“ವಾಲ್ವಿಗೆ ಹಿಡಿ ಇಲ್ಲ. ಮುರಿದುಹೋಗಿದೆ. ಪಾನಾ ಹಾಕಿ ತಿರುಗಿಸ್ಬೇಕು.”

ಇಬ್ಬರೂ ಪಾನಾ ನೋಡಿದೆವು.

“ಇನ್ನೊಂದು ಇಲ್ವಾ?”

“ಇಲ್ಲ.”

“ನಲ್ಲಿ ರಿಪೇರಿಯವನಿಗೆ ಫೋನ್ ಮಾಡ್ತೀನಿ.” ಮಾಡಿದಳು. ಅವನು ಪಕ್ಕದೂರಿನಲ್ಲಿದ್ದ, ನಾಳೆ ಬರುತ್ತೇನೆ ಎಂದ. ಪಕ್ಕದ ಮನೆಗೆ ಬೀಗ. “ಸರಿ. ಹಿಡ್ಕೊಂಡೇ ಇರಿ. ಪಾನಾ ಗಟ್ಟಿ ಇದೆ ತಾನೇ?”

ಇದು ನಾನು ನಿರೀಕ್ಷಿಸಿದ ಪ್ರಶ್ನೆಯಲ್ಲ.

“ಹೇಳೋದಾದ್ರೆ...” ಎಂದೆ.

“ಹೇಳೋದಾದ್ರೆ?”

“ಅದರಲ್ಲಿ ಒಂದು ಸಣ್ಣ ಬಿರುಕಿದೆ.”

“ಗುಜರಿಯವನು ಮೋಸ ಮಾಡಿದನಾ? ಹೋಗಿ ಅವನ ಮುಖಕ್ಕೇ...”

“ಇಲ್ಲ ಇಲ್ಲ, ಅವನು ಒಳ್ಳೆಯವನು. ಬೇಡ ಅಂದ. ನಾನೇ ಹುಡುಕಿ ತಂದೆ.”

ಸಿಂಕಿನ ಕೆಳಗೆ ಅಂಗಾತ ಮಲಗಿ, ಎರಡೂ ಕೈಯಲ್ಲಿ ಪಾನಾ ಹಿಡಿದು, ಅವಳ ಪಾದಗಳನ್ನು ಮಾತ್ರ ನೋಡುತ್ತ ನಾನು ವಾರಂಟಿಯ ತತ್ವವನ್ನು ವಿವರಿಸಿದೆ. ಎದ್ದು ಹೋಗುವಂತಿಲ್ಲದ ಗಂಡ ಎಷ್ಟು ಸತ್ಯ ಹೇಳುತ್ತಾನೆ ಎಂಬುದು ನನಗೇ ಆಶ್ಚರ್ಯ. ಪಾದಗಳು ಅಲುಗಲಿಲ್ಲ.

“ಅಂದ್ರೆ,” ಕೊನೆಗೆ ಅವಳು ಅಂದಳು, “ಇದು ಮುರೀಲಿ ಅಂತ ತಂದಿರೋದು.”

“ತಂದಾಗ ಹಾಗಿತ್ತು.”

“ಈಗ?”

“ಈಗ ಮುರೀದೇ ಇರ್ಲಿ ಅಂತ ಬೇಡ್ಕೊಳ್ತಿದ್ದೀನಿ ಕಣೇ.”

“ಜೋರಾಗಿ ಬೇಡ್ಕೊಳ್ಳಿ. ನಾನು ಅಂಗಡಿಗೆ ಹೋಗಿ ಬೇರೆ ಪಾನಾ ತರ್ತೀನಿ. ನಾನು ಬರೋದ್ರೊಳಗೆ ಒಂದು ತೊಟ್ಟು ಆ ಕಡೆ ಹೋದ್ರೆ, ನಾನು ಈ ಕಡೆ ಬರಲ್ಲ. ತವರಿಗೇ ಹೋಗ್ತೀನಿ.”

ಚಪ್ಪಲಿಯ ಸದ್ದು ಬೀದಿಯಲ್ಲಿ ಕರಗಿತು. ನಾನು, ಪಾನಾ, ಬಿರುಕು ಮೂವರೇ ಉಳಿದೆವು.

ಗೆರೆ ನನ್ನ ಕಣ್ಣಿನಿಂದ ಒಂದು ಗೇಣು ದೂರದಲ್ಲಿತ್ತು. ಸೀಮೆಸುಣ್ಣದ ಪುಡಿ ಇನ್ನೂ ಅದರ ಅಕ್ಕಪಕ್ಕ ಅಂಟಿಕೊಂಡು, ಅದನ್ನು ಎತ್ತಿ ತೋರಿಸುತ್ತಿತ್ತು. ಬೆಳಿಗ್ಗೆ ಅದು ಕೂದಲೆಳೆಯಷ್ಟಿತ್ತು, ಈಗ ದಾರದಷ್ಟಿತ್ತೆ? ಕಣ್ಣು ಮುಚ್ಚಿದೆ. ಮುಚ್ಚಿದರೆ ಅದು ಹಗ್ಗದಷ್ಟಾಯಿತು. ತೆರೆದೆ. ಮೊಣಕೈಯಿಂದ ನೀರು ಇಳಿದು ಕಂಕುಳಲ್ಲಿ ನಿಲ್ಲುತ್ತಿತ್ತು. ಮೂಗಿನ ತುದಿ ತುರಿಸಿತು. ಅಲ್ಲಿ ಫೋನು ಬಡಿದುಕೊಂಡಿತು; ಮಾಸ್ತರರೇ ಇರಬೇಕು. ನಿಂತು ಮತ್ತೆ ಬಡಿದುಕೊಂಡಿತು. ತೋಳು ನಡುಗತೊಡಗಿದಾಗ ಪಾನಾವೂ ನಡುಗಿತು, ಒಂದು ಸೂಜಿಯಷ್ಟು ನೀರು ಚಿಮ್ಮಿ ಹೊಸಿಲಿನ ಮೇಲೆ ಬಿತ್ತು. “ಅಪ್ಪಾ, ತಂದೆ, ಸ್ವಲ್ಪ ತಡ್ಕೋ,” ಎಂದು ನಾನು ಕಬ್ಬಿಣಕ್ಕೆ ಕೈಮುಗಿಯುವುದೊಂದು ಬಾಕಿ. ಕೈ ಖಾಲಿಯಿರಲಿಲ್ಲ. ಹಿಡಿಯ ಮೇಲಿನ ‘ಆಜೀವ’ ಎಂಬ ಅಕ್ಷರಗಳು ಅಂಗೈಯಲ್ಲಿ ಅಚ್ಚಾಗುತ್ತಿದ್ದವು.

ಕೊನೆಗೆ ಹಿತ್ತಲಲ್ಲಿ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು. ಕಿರ್ರ್ ಎಂದು ಏನೋ ತಿರುಗಿತು. ನನ್ನ ಕೈಕೆಳಗಿನ ಪೈಪು ಒಮ್ಮೆ ಗುಟುರು ಹಾಕಿ ತಣ್ಣಗಾಯಿತು.

ಅವಳು ಬಂದು ಒಂದೊಂದೇ ಕೋಟಿನ ಅಂಚು ಮುಟ್ಟಿ ನೋಡಿದಳು. ಒಂದೂ ಒದ್ದೆಯಾಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

“ಇನ್ನು ಬಿಡಿ ಅದನ್ನ.”

“ಬಿಡಕ್ಕಾಗ್ತಿಲ್ಲ. ಬೆರಳು ಸೆಟೆದುಕೊಂಡಿದೆ.”

ಅಷ್ಟರಲ್ಲಿ ಬ್ಯಾಂಡ್ ಮಾಸ್ತರರು ಒಳಗೆ ಬಂದರು. ದಪ್ಪ ಮೀಸೆಯ, ಸಾವಧಾನದ ಮನುಷ್ಯ. ಕೋಟುಗಳನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡಿದರು. “ಚೆನ್ನಾಗಿದೆಯಮ್ಮ, ಇನ್ನು ನಮ್ಮ ತಂಡದ್ದೆಲ್ಲ ನೀವೇ,” ಎಂದರು. ಹೆಂಡತಿಯ ಮುಖ ಅರಳಿತು. ಹೊರಡುವಾಗ ಸಿಂಕಿನ ಕೆಳಗಿನಿಂದ ಚಾಚಿದ ಎರಡು ಕಾಲು ಅವರಿಗೆ ಕಂಡವು.

“ಇವರು?”

“ನಮ್ಮ ಯಜಮಾನರು. ಮಧ್ಯಾಹ್ನದಿಂದ ಹೀಗೇ ಇದ್ದಾರೆ.”

ಅವರು ಬಗ್ಗಿ ಬಹಳ ಹೊತ್ತು ನೋಡಿದರು. “ಇಷ್ಟು ಹೊತ್ತು, ಕೈ ಇಳಿಸದೆ?”

“ಇಳಿಸ್ಲಿಲ್ಲ,” ಎಂದೆ ನಾನು, ಸ್ವಲ್ಪ ಹೆಮ್ಮೆಯಿಂದಲೇ.

ಮಾಸ್ತರರು ಹೆಂಡತಿಯ ಕಡೆ ತಿರುಗಿದರು. “ನಮ್ಮ ದೊಡ್ಡ ಡ್ರಮ್ಮು ಹೊರೋನು ಕೆಲಸ ಬಿಟ್ಟು ಹೋದ ಕಣಮ್ಮ. ಬಾರಿಸೋಕೆ ಜನ ಇದ್ದಾರೆ. ಹೊತ್ಕೊಂಡು ಅಲ್ಲಾಡದೆ ನಿಲ್ಲೋರು ಸಿಗ್ತಿಲ್ಲ. ಮೆರವಣಿಗೆ ಊರ ತುದಿಯಿಂದ ತುದಿಗೆ. ಇವರನ್ನ ಕಳಿಸ್ಕೊಡ್ತೀರಾ?”

ನಾನು ಬಾಯಿ ತೆರೆದೆ. ಯಾರೂ ನನ್ನ ಕಡೆ ನೋಡಲಿಲ್ಲ.

“ಅದಕ್ಕೇನು, ಕರ್ಕೊಂಡು ಹೋಗಿ,” ಎಂದಳು ಹೆಂಡತಿ. ಕುತ್ತಿಗೆಯಲ್ಲಿದ್ದ ಟೇಪನ್ನು ಆಗಲೇ ಕೈಗೆ ತೆಗೆದುಕೊಂಡಿದ್ದಳು. ನನ್ನನ್ನು ಪಾನಾಸಮೇತ ಎಬ್ಬಿಸಿ ನಿಲ್ಲಿಸಿ, ಎದೆಯ ಸುತ್ತಳತೆ ಹಿಡಿದಳು. “ಹಾಗಾದ್ರೆ ಇನ್ನೊಂದು ಕೋಟು. ಹೊಟ್ಟೆ ಹತ್ರ ಸ್ವಲ್ಪ ಬಟ್ಟೆ ಜಾಸ್ತಿ ಹಿಡಿಯುತ್ತೆ.”

“ನಡುದಾರೀಲಿ ಕೈ ಕೊಟ್ಟರೆ?” ಎಂದು ಮಾಸ್ತರರು ಅನುಮಾನಿಸಿದರು.

“ಕೊಟ್ಟರೆ ವಾಪಸ್ ಕಳಿಸಿ,” ಎಂದಳು ಅವಳು, ತೋಳಿನ ಉದ್ದ ಅಳೆಯುತ್ತ. “ಹೊಸದು ಕೊಡಕ್ಕಾಗಲ್ಲ. ಇವರನ್ನೇ ಸರಿ ಮಾಡಿ ಕಳಿಸ್ತೀನಿ.”