ಅತ್ತೆ ಮನೆ ಅಂಗಳಕ್ಕೆ ಟೈಲ್ಸ್ ಹಾಕಿದ್ದು

ಮನೆ ಒಳಗೆ ಟೈಲ್ಸ್ ಹಾಕುವಾಗ ಏನೂ ಆಗಲ್ಲ. ಬಾಗಿಲು ಮುಂದೆ ಮಾಡ್ಕೊಂಡು ನಮ್ಮ ಪಾಡಿಗೆ ನಾವು ಹಾಕ್ತೀವಿ. ಅಂಗಳಕ್ಕೆ ಇಳಿದ್ವೋ, ಮುಗೀತು, ಬೀದೀಲಿ ಹೋಗೋರೆಲ್ಲ ಮೇಸ್ತ್ರಿಗಳೇ. ನಾನು ಕಡೂರಿನವನು, ಟೈಲ್ಸ್ ಮೇಸ್ತ್ರಿ. ಈ ಕಡೆ ನನ್ನ ಕೆಲಸ ಮೆಚ್ಚದೋರಿಲ್ಲ, ಅಜ್ಜಂಪುರದ ನಮ್ಮ ಅತ್ತೆ ಒಬ್ಬರನ್ನ ಬಿಟ್ಟು. ನಮ್ಮ ಮನೆ ಗೃಹಪ್ರವೇಶದ ದಿನ, ನಾನು ಸೊಂಟ ಮುರ್ಕೊಂಡು ಹಾಕಿದ ನೆಲದ ಮೇಲೇ ನಿಂತ್ಕೊಂಡು, "ಗೋಡೆ ಚೆನ್ನಾಗೈತೆ" ಅಂದಿದ್ರು. ಗೋಡೆ ಕಟ್ಟಿದೋನು ಬೇರೆ ಮೇಸ್ತ್ರಿ ಕಣ್ರೀ! ಆ ಹೊಟ್ಟೆಉರಿ ಇವತ್ತಿಗೂ ಆರಿಲ್ಲ.

ಅಂಥ ಅತ್ತೇನೇ ಒಂದಿನ ಫೋನ್ ಮಾಡಿ, "ಅಳಿಯಂದ್ರೇ, ದೀಪಾವಳಿ ಒಳಗೆ ನಮ್ಮ ಅಂಗಳಕ್ಕೆ ಟೈಲ್ಸ್ ಹಾಕ್ಕೊಡಿ" ಅಂದ್ರು. ಈ ಸಲ ಅವರ ಬಾಯಲ್ಲೇ "ಟೈಲ್ಸ್ ಚೆನ್ನಾಗೈತೆ" ಅನ್ನಿಸ್ದೆ ಬಿಡಲ್ಲ ಅಂತ ಹೆಂಡ್ತಿ ಮುಂದೆ ಶಪಥ ಮಾಡಿದೆ. "ನಮ್ಮಮ್ಮ ನಿಮಗಿನ್ನೂ ಗೊತ್ತಿಲ್ಲ" ಅಂತ ಅವಳು ನಕ್ಲು.

ಅಂಗಡೀಲಿ

ಅತ್ತೆ ಮಾವನ್ನ ಕರ್ಕೊಂಡು ತರೀಕೆರೆಯ ಟೈಲ್ಸ್ ಅಂಗಡಿಗೆ ಹೋದೆ. ಅತ್ತೆ ಕಣ್ಣು ಸೀದಾ ಮುಖ ಕಾಣೋ ಹಂಗೆ ಹೊಳೆಯೋ ಟೈಲ್ಸ್ ಮೇಲೆ ಬಿತ್ತು. "ಅತ್ತೆ, ಇದು ಒಳಗಡೆಗೆ. ಹೊರಗೆ ಮಳೆ ನೀರು ಬಿದ್ರೆ ಜಾರ್ತದೆ. ಅಂಗಳಕ್ಕೆ ತರಿತರಿ ಇರೋ ಪೋರ್ಸಲೇನ್ ಟೈಲ್ಸೇ ಆಗಬೇಕು" ಅಂದೆ. ಅತ್ತೆ ನಂಬಲಿಲ್ಲ. ಅಂಗಡಿಯವರು ಪಾಪ, ಹೊಳೆಯೋ ಟೈಲ್ಸ್ ಒಂದನ್ನ ನೆಲಕ್ಕಿಟ್ಟು ನೀರು ಹಾಕಿ, "ನೀವೇ ನಿಂತು ನೋಡಿ ಅಮ್ಮಾ" ಅಂದ್ರು. ಅತ್ತೆ ಮಾವನ ಕಡೆ ತಿರುಗಿ, "ರೀ, ನಿಂತ್ಕೊಳ್ಳಿ" ಅಂದ್ರು. ಮಾವ ಕಾಲಿಟ್ರು ನೋಡಿ, ಸರ್‍ರಂತ ಜಾರಿ ಅಂಗಡಿಯವರನ್ನ ತಬ್ಕೊಂಡ್ಬಿಟ್ರು!

ತರಿತರೀದೇ ಗಟ್ಟಿಯಾಯ್ತು. ಅತ್ತೆ ಅದರ ಮೇಲೆ ಅಂಗೈ ಸವರಿ ಮುಖ ಹುಳ್ಳಗೆ ಮಾಡ್ಕೊಂಡು, "ಒಂದು ಲಾಭ ಐತೆ ಅಳಿಯಂದ್ರೇ. ಇದರ ಮೇಲೆ ಕಾಯಿ ತುರೀಬಹುದು" ಅಂದ್ರು.

ನೀರು ಎತ್ತ ಹೋಗಬೇಕು?

ಅಂಗಳದ ಕೆಲಸದಲ್ಲಿ ವಾಟ ಮುಖ್ಯ. ಬಿದ್ದ ನೀರು ನಿಲ್ಲದೆ ಹರಿದು ಹೋಗಬೇಕಲ್ಲ, ಆ ಇಳಿಜಾರಿಗೆ ನಾವು ವಾಟ ಅಂತೀವಿ. ನಾನು ರಸ್ತೆ ಚರಂಡಿ ಕಡೆಗೆ ದಾರ ಹಿಡಿದೆ. ಮಾವ ಬಂದು, "ನೀರು ಈಶಾನ್ಯಕ್ಕೆ ಹೋಗಬೇಕು ಕಣಪ್ಪ, ವಾಸ್ತು" ಅಂದ್ರು. ಈಶಾನ್ಯದಲ್ಲಿ ಏನಿದೆ? ಪಕ್ಕದ ಮನೆ ಅಜ್ಜನ ಹಿತ್ಲು! ಆ ಅಜ್ಜ ಆಗ್ಲೇ ಕುರ್ಚಿ ತಂದು ಹಾಕ್ಕೊಂಡು ನಮ್ಮ ಕೆಲಸ ನೋಡ್ತಾ ಕೂತಿದ್ರು. "ಏನಪ್ಪಾ, ನಿಮ್ಮ ವಾಸ್ತು ಸರಿ ಹೋಗೋಕೆ ನಮ್ಮ ಹಿತ್ಲು ಕೆರೆ ಆಗಬೇಕಾ?" ಅಂತ ಎದ್ದು ನಿಂತ್ರು.

ಮಾತಿಗೆ ಮಾತು ಬೆಳೀತು. ನನಗೆ ಕಲಸಿಟ್ಟ ಸಿಮೆಂಟು ಒಣಗೋ ಚಿಂತೆ. ಕೊನೆಗೆ ಅತ್ತೆ ಬಂದು ತೀರ್ಮಾನ ಕೊಟ್ರು: "ಮಳೆ ನೀರು ಚರಂಡಿಗೆ ಹೋಗ್ಲಿ. ಪೂಜೆ ಮಾಡಿದ ನೀರು ಈಶಾನ್ಯಕ್ಕೆ ಹೋಗ್ಲಿ."

"ಅದು ಹೆಂಗಾಗ್ತದೆ ಅತ್ತೆ? ಎರಡೂ ನೀರೇ ಅಲ್ವಾ?"

"ನನ್ನ ಕೇಳಿದ್ರೆ? ಮೇಸ್ತ್ರಿ ನಾನಾ, ನೀವಾ?"

ನಾನು ವಾಟ ಚರಂಡಿಗೇ ಕೊಟ್ಟೆ. ಪೂಜೆ ನೀರನ್ನ ಮಾವ ಇವತ್ತಿಗೂ ತಂಬಿಗೇಲಿ ಹೊತ್ಕೊಂಡು ಹೋಗಿ ಈಶಾನ್ಯ ಮೂಲೇಲಿರೋ ತುಳಸಿಗೆ ಹಾಕ್ತಾರೆ.

ತುಳೀಬೇಡಿ

ಟೈಲ್ಸ್ ಕೂರಿಸಿ ಆಯ್ತು. "ನಾಳೆವರೆಗೂ ಯಾರೂ ತುಳೀಬೇಡಿ, ಕೆಳಗೆ ಹಸಿ ಐತೆ" ಅಂತ ಹೇಳಿ ಕೈ ತೊಳೆಯೋಕೆ ಹೋದೆ. ಅತ್ತೆ ಕೋಲು ಹಿಡ್ಕೊಂಡು ಬಾಗಿಲಲ್ಲೇ ಕಾವಲು ಕೂತ್ರು. ಆಗ ಪಕ್ಕದ ಅಜ್ಜ, ಕೆಲಸ ಹೆಂಗಾಗೈತೆ ನೋಡೋಣ ಅಂತ ಗೇಟು ತೆಗೆದ್ರು. ಒಳಗೆ ಇನ್ನೂ ಕಾಲಿಟ್ಟಿರಲಿಲ್ಲ. ಅಷ್ಟಕ್ಕೇ ನಮ್ಮತ್ತೆ ದಡದಡ ಅಂತ ಅಂಗಳದ ನಡೂಮಧ್ಯ ಓಡಿಬಂದು, ಕೋಲನ್ನ ಟೈಲ್ಸಿಗೇ ಕುಟ್ಟಿ, "ತುಳೀಬೇಡ್ರೀ! ಯಾರೂ ತುಳೀಬಾರದಂತೆ!" ಅಂತ ಕೂಗಿದ್ರು.

ನಾನು ಅಯ್ಯಯ್ಯೋ ಅಂತ ಓಡಿಬಂದು ನೋಡ್ತೀನಿ, ಅವರ ಕಾಲ್ಕೆಳಗೇ ಟೈಲ್ಸ್ ಜರುಗಿ ಮೂಲೆ ಎದ್ದು ನಿಂತೈತೆ. ಅತ್ತೆ ಅದನ್ನ ಹೆಬ್ಬೆರಳಲ್ಲಿ ಅದುಮಿ ನೋಡಿ ಅಜ್ಜನಿಗೆ ಹೇಳಿದ್ರು: "ನೋಡಿದ್ರಾ, ಈಗ್ಲೇ ಅಲ್ಲಾಡ್ತೈತೆ. ನಮ್ಮ ಅಳಿಯಂದ್ರ ಕೆಲಸ ಗಟ್ಟಿ ಇಲ್ಲ."

ಆ ಟೈಲ್ಸನ್ನ ಕಿತ್ತು ಮತ್ತೆ ಹಾಕಿದೆ.

ದೀಪಾವಳಿ ಬೆಳಗ್ಗೆ

ಹಬ್ಬಕ್ಕೆ ಹೆಂಡ್ತಿ ಕರ್ಕೊಂಡು ಬೆಳಗ್ಗೇನೇ ಅಜ್ಜಂಪುರಕ್ಕೆ ಹೋದೆ. ಇವತ್ತು ಬೀದಿಯೋರೆಲ್ಲ ಅಂಗಳ ನೋಡಿ ಹೊಗಳ್ತಾರೆ, ಅತ್ತೇನೂ ಒಂದು ಮಾತಾಡ್ಲೇಬೇಕು ಅಂತ ದಾರಿಯುದ್ದಕ್ಕೂ ಎದೆ ಉಬ್ಬಿಸ್ಕೊಂಡೇ ಬೈಕು ಓಡಿಸಿದೆ. ಗೇಟ್ ಹತ್ರ ನಿಲ್ಲಿಸಿ ನೋಡ್ತೀನಿ, ಟೈಲ್ಸೇ ಇಲ್ಲ! ಅಂಗಳದ ತುಂಬಾ ಹಚ್ಚಗೆ ಸಗಣಿ ಸಾರಿಸಿ, ಮೇಲೆ ದೊಡ್ಡ ರಂಗೋಲಿ. ಸುತ್ತ ಬೀದಿ ಹೆಂಗಸರೆಲ್ಲ ನಿಂತಿದಾರೆ.

"ಅತ್ತೆ, ಟೈಲ್ಸ್ ಎಲ್ಲಿ?" ಅಂದೆ. ನನಗೆ ಅಳು ಬರೋದೊಂದು ಬಾಕಿ.

"ಕೆಳಗೈತೆ, ಎಲ್ಲಿಗೆ ಹೋಗ್ತೈತೆ? ಹಬ್ಬದ ದಿನ ಅಂಗಳ ಸಾರಿಸ್ದೆ ಬೋಳು ಬಿಡೋಕಾಗ್ತದಾ?" ಅಂದ ಅತ್ತೆ, ಹೆಂಗಸರ ಕಡೆ ತಿರುಗಿ ಶುರು ಹಚ್ಕೊಂಡ್ರು: "ಹೊಳೆಯೋದು ತಗೋಬ್ಯಾಡ್ರೇ, ಸಗಣಿ ನಿಲ್ಲಲ್ಲ. ಸಿಮೆಂಟ್ ನೆಲ ಆದ್ರೆ ಮಧ್ಯಾಹ್ನಕ್ಕೆ ಚಕ್ಕೆ ಏಳ್ತದೆ. ಇದು ನೋಡಿ, ಹೆಂಗೆ ಕಚ್ಕೊಂಡೈತೆ! ತರಿತರೀದೇ ಬೇಕು ಅಂತ ಹಟ ಮಾಡಿ ಆರಿಸಿದ್ದು ನಮ್ಮ ಅಳಿಯಂದ್ರು. ಏನೇ ಹೇಳಿ, ಟೈಲ್ಸ್ ಚೆನ್ನಾಗೈತೆ!"

ಬಂತು! ಇಷ್ಟು ವರ್ಷ ಕಾದಿದ್ದ ಮಾತು ಬಂದೇಬಿಡ್ತು. ಹೆಂಡ್ತಿ ಸೆರಗು ಬಾಯಿಗೆ ತುರುಕ್ಕೊಂಡು ನಗ್ತಾ ಇದ್ಲು. ನಾನೂ ನಗಬೇಕೋ ಅಳಬೇಕೋ ಗೊತ್ತಾಗದೆ ನಿಂತಿರುವಾಗ, ಎದುರು ಮನೆ ಅಕ್ಕ ಬಂದು ನಯವಾಗಿ ಕೇಳಿದ್ರು:

"ಅಣ್ಣಾ, ಸಂಕ್ರಾಂತಿ ಒಳಗೆ ನಮ್ಮನೆ ಅಂಗಳಕ್ಕೂ ಹಾಕ್ಕೊಡ್ತೀರಾ, ಈ ಸಗಣಿ ಟೈಲ್ಸು?"