ಗುರುತಿಲ್ಲದ ಮನೆ

ಇಷ್ಟಕ್ಕೆಲ್ಲ ಕಾರಣ ಬ್ರೋಕರ್ ಆಡಿದ ಒಂದು ಮಾತು. "ಮೇಷ್ಟ್ರೇ, ಇಲ್ಲಿ ಜನ ಬದುಕಿದ್ರು ಅನ್ನೋ ಗುರುತೇ ಇರಬಾರದು. ನಾಲ್ಕು ಗಂಟೆಗೆ ಗಿರಾಕಿ ಕರ್ಕೊಂಡ್ ಬರ್ತೀನಿ."

ನಾಲ್ಕು ಮಕ್ಕಳು ಕುಣಿದು ಬೆಳೆದ ಮನೆಯ ಗುರುತು ಅಳಿಸುವುದು ಹುಡುಗಾಟವೇ? ಆದರೆ ಡ್ರಾಯಿಂಗ್ ಮೇಷ್ಟ್ರಿಗೆ ಬೇರೆ ದಾರಿಯಿರಲಿಲ್ಲ. ಮಲಗುವ ಕೋಣೆ ಮಹಡಿಯಲ್ಲಿ. ಹೆಂಡತಿಯ ಮಂಡಿಗಳು ಮೆಟ್ಟಿಲು ಮೆಟ್ಟಿಲಿಗೂ ನರಳುತ್ತಿದ್ದವು. ಮೆಟ್ಟಿಲೇ ಇಲ್ಲದ ಪುಟ್ಟ ಮನೆಯೊಂದನ್ನು ನೋಡಿಟ್ಟಿದ್ದರು. ಸಂಜೆಯೊಳಗೆ ಈ ಮನೆ ಮಾರಿಹೋದರೆ ಅದಕ್ಕೆ ಹೂಂ ಅನ್ನಬಹುದಿತ್ತು.

"ಸಾಮಾನೆಲ್ಲ ನಮ್ಮನೇಲಿಡಿ. ಒಂಟಿ ಜೀವಕ್ಕೆ ಎಷ್ಟು ಜಾಗ ಬೇಕು?" ಎಂದರು ಪಕ್ಕದ ಮನೆಯ ಕಾಂಪೌಂಡರ್. ಮದುವೆಯಾಗದ ಮನುಷ್ಯ, ಊರ ಉಸಾಬರಿಯೇ ಅವರ ಸಂಸಾರ.

ಬೆಳಗಿನಿಂದ ಸಾಗಾಟ ನಡೆಯಿತು. ಆರಾಮಕುರ್ಚಿ ಹೋಯಿತು, ಹೊಲಿಗೆ ಯಂತ್ರ ಹೋಯಿತು, ಹತ್ತು ನಿಮಿಷ ಹಿಂದೆ ಓಡುವ ಗಡಿಯಾರ ಹೋಯಿತು. ಬೀರು ಮೇಷ್ಟ್ರ ಹೆಬ್ಬೆರಳಿನ ಮೇಲೆ ಕೂತು ಸ್ವಲ್ಪ ಸುಧಾರಿಸಿಕೊಂಡು ಹೋಯಿತು. ಕಾಂಪೌಂಡರ್ ಒಂದು ಚಮಚವನ್ನೂ ಎತ್ತದೆ "ಎಡಕ್ಕೆ, ಎಡಕ್ಕೆ!" ಎಂದು ಗಂಟಲು ಹರಿದುಕೊಂಡರು.

ಉಳಿದದ್ದು ಬಾಗಿಲ ಪಕ್ಕದ ಹಲಗೆ. ವರ್ಷವರ್ಷವೂ ಮಕ್ಕಳನ್ನು ನಿಲ್ಲಿಸಿ ಎತ್ತರಕ್ಕೆ ಗೆರೆ ಎಳೆದದ್ದು ಅದರ ಮೇಲೆಯೇ. ಮೇಷ್ಟ್ರು ಬಣ್ಣದ ಡಬ್ಬಿ ತೆರೆದರು.

"ಅದಕ್ಕೆ ಬಣ್ಣ ಬಳಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ!" ಎಂದಳು ಹೆಂಡತಿ.

"ಹೋಗೋದಕ್ಕೇ ಕಣೇ ಬಳೀತಿರೋದು!"

ಅಂದರೇನಂತೆ, ಅವರ ಕೈಯೂ ಏಳಲಿಲ್ಲ. ಚಿಕ್ಕವಳ ಮೊದಲ ಗೆರೆ ಸೊಂಟದೆತ್ತರವೂ ಇರಲಿಲ್ಲ. ನೋಡಿ ಕಣ್ಣು ತುಂಬಿತು. ಹಲಗೆಯನ್ನೇ ಕಿತ್ತು ಕಾಂಪೌಂಡರ್ ಮನೆಗೆ ಹೊತ್ತರು. "ಒರಗಿಸಿಟ್ರೆ ಬೀಳುತ್ತೆ" ಎಂದು ಕಾಂಪೌಂಡರ್ ಅದನ್ನು ಗೋಡೆಗೆ ಮೊಳೆ ಹೊಡೆಸಿ ಕೂರಿಸಿಬಿಟ್ಟರು.

ಗಿರಾಕಿ ದಂಪತಿ ಸರಿಯಾಗಿ ನಾಲ್ಕಕ್ಕೆ ಬಂದರು. "ಇದೇನ್ರೀ, ಆಸ್ಪತ್ರೆ ವಾರ್ಡ್ ಇದ್ದ ಹಾಗಿದೆ!" ಎಂದಳು ಆಕೆ, ತನ್ನದೇ ದನಿ ಮರುದನಿಯಾಗಿ ಬಂದದ್ದಕ್ಕೆ ಬೆಚ್ಚಿ.

"ನಮಗೆ ಹಳೇ ಸಾಮಾನು ಕಂಡ್ರೇ ಆಗಲ್ಲ" ಎಂದರು ಮೇಷ್ಟ್ರು ಜಂಬದಿಂದ.

ಆಕೆ ನೀರು ಕೇಳಿದಳು. ಮನೆಯಲ್ಲಿ ಒಂದು ಲೋಟವಾದರೂ ಇರಬೇಕಲ್ಲ! "ನಮ್ಮನೇಗೆ ಬನ್ನಿ" ಎಂದು ಕಾಂಪೌಂಡರ್ ಎಲ್ಲರನ್ನೂ ಕರೆದೊಯ್ದರು.

ಅಲ್ಲಿ ಆಕೆ ಆರಾಮಕುರ್ಚಿಯಲ್ಲಿ ಕೂತಳು, ಗಡಿಯಾರದ ಟಿಕ್‌ಟಿಕ್ ಕೇಳಿದಳು, ಹಲಗೆಯ ಗೆರೆಗಳ ಮೇಲೆ ಕೈಯಾಡಿಸಿದಳು. "ಎಷ್ಟು ಮಕ್ಕಳು?"

ಕಾಂಪೌಂಡರ್ ತಬ್ಬಿಬ್ಬಾಗಿ ಮೇಷ್ಟ್ರನ್ನು ನೋಡಿ, "ನಾಲ್ಕು" ಎಂದರು.

"ರೀ, ಮನೆ ಅಂದ್ರೆ ಇದು! ಸಾಮಾನು ಸಮೇತ ಕೊಡ್ತೀರಾ?" ಎಂದು ಕಾಂಪೌಂಡರನ್ನು ಕೇಳಿದಳು.

"ಅಯ್ಯೋ, ಅವೆಲ್ಲ ನಮ್ಮವು!" ಮೇಷ್ಟ್ರು ಕೂಗಿಯೇ ಕೂಗಿದರು.

ಗಿರಾಕಿ ಗಹಗಹಿಸಿ ನಕ್ಕ. "ಹಳೇ ಸಾಮಾನು ಆಗಲ್ಲ ಅಂದೋರಿಗೂ ಆಸೆ ಹುಟ್ಟಿತು ನೋಡೇ!" ಬ್ರೋಕರ್ ಮೇಷ್ಟ್ರ ತೋಳು ಹಿಡಿದು ಮೆಲ್ಲಗೆ ಹೊರಗೆ ಬಿಟ್ಟು ಬಂದ.

ಸಂಜೆ ಕಾಂಪೌಂಡರ್ ಒಂದು ಕಂಕುಳಲ್ಲಿ ಹಲಗೆ, ಇನ್ನೊಂದರಲ್ಲಿ ಹಾಸಿಗೆ ಇರುಕಿಕೊಂಡು ಬಂದರು.

"ನಮ್ಮನೇನ ಅವರಿಗೇ ಮಾರಿಬಿಟ್ಟೆ ಮೇಷ್ಟ್ರೇ. ಜಗಳ ಆಡಿ ಹಲಗೆ ಉಳಿಸಿದೆ. ಅದರ ಬದಲು ಮಿಕ್ಕಿದ್ದೆಲ್ಲ ಬಿಟ್ಟುಕೊಡಬೇಕಾಯ್ತು. ನಿಮ್ಮ ಮನೆ ಹೇಗೂ ಹೋಗಲಿಲ್ಲವಲ್ಲ, ಆ ಪುಟ್ಟ ಮನೆಗೆ ನಾನೇ ಹೂಂ ಅಂದ್ಬಿಟ್ಟೆ. ಅಲ್ಲಿರೋರು ಬಿಟ್ಟುಕೊಡೋಕೆ ಆರು ತಿಂಗಳು ಬೇಕಂತೆ. ಅಲ್ಲೀವರೆಗೆ ಇಲ್ಲೇ ಇರ್ತೀನಿ. ಖಾಲಿ ಇದೆಯಲ್ಲ!"

ಹಾಸಿಗೆಯನ್ನು ಕೆಳಗಿನ ಕೋಣೆಯಲ್ಲೇ ಬಿಡಿಸುತ್ತ ಅಂದರು: "ಮಹಡಿ ಮಾತ್ರ ನಿಮಗೇ ಇರಲಿ. ನನಗೆ ಮಂಡಿನೋವು."