ಕಂಬಕ್ಕೆ ಕಟ್ಟಿದ ಕಡಲಗೂಳಿ

ಗಡಿಯಾರ ರಿಪೇರಿ ಮಾಡುವ ಅಳಿಯ ಕಾದಂಬರಿ ಬರೆಯುವುದಕ್ಕೆ ಅತ್ತೆಯ ತಕರಾರೇನೂ ಇರಲಿಲ್ಲ. ತಕರಾರಿದ್ದುದು ಸುಳ್ಳಿನ ಬಗ್ಗೆ. ಮೂವತ್ತು ವರ್ಷ ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದ ಆಕೆ, "ನನ್ನ ಕಣ್ಣೆದುರಿಗೆ ನಡೀದೇ ಇರೋದನ್ನ ಟೈಪ್ ಮಾಡಲ್ಲ. ಕಿವಿಗೆ ಬಿದ್ದದ್ದನ್ನ ಬಿಡಲ್ಲ" ಎಂದು ಮೊದಲ ದಿನವೇ ಅಪ್ಪಣೆ ಕೊಡಿಸಿದ್ದರು. ಅಳಿಯನ ಕೈಬರಹ ಓದಬಲ್ಲವರು ಭೂಮಂಡಲದಲ್ಲೇ ಇಲ್ಲದ್ದರಿಂದ (ಅವನನ್ನೂ ಸೇರಿಸಿ) ಅವನು ಹೇಳುತ್ತ ಹೋಗುವುದು, ಆಕೆ ಟೈಪ್ ಮಾಡುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

ಹೀಗಾಗಿ ಏಳು ಸಮುದ್ರ ನಡುಗಿಸಿದ ಅನಾಗರಿಕ ವೀರ ಕಡಲಗೂಳಿಯ ಸಾಹಸಗಳೆಲ್ಲ ಮೊದಲು ನಡುಮನೆಯಲ್ಲೇ ನಡೆದವು. ಬಟ್ಟೆ ಒಗೆಯುವ ತೊಟ್ಟಿ ಹಡಗಾಯಿತು, ಸೌಟು ಖಡ್ಗವಾಯಿತು. ನೀರಿನ ಪೈಪಿನೊಂದಿಗೆ ಅಳಿಯ ಮುಕ್ಕಾಲು ಗಂಟೆ ಹೊರಳಾಡಿದ ಮೇಲೆಯೇ ಅತ್ತೆ ಸಮುದ್ರಸರ್ಪವನ್ನು ಒಪ್ಪಿಕೊಂಡರು.

ಈಗ ಉಳಿದದ್ದು ಕೊನೆಯ ಅಧ್ಯಾಯ. ಮಾಟಗಾತಿ ಗೂಳಿಯನ್ನು ಹಡಗಿನ ಕಂಬಕ್ಕೆ ಕಟ್ಟುತ್ತಾಳೆ. ಅವನು ಒಂದೇ ಗರ್ಜನೆಗೆ ಹಗ್ಗ ಹರಿಯುತ್ತಾನೆ. ನಾಲ್ಕಕ್ಕೆ ಪ್ರೆಸ್ಸಿನವರು ಬರುತ್ತಾರೆ, ಅಷ್ಟರಲ್ಲಿ ಮುಗಿಯದಿದ್ದರೆ ಪುಸ್ತಕವೇ ಇಲ್ಲ. ಮೂರು ವರ್ಷದ ಶ್ರಮವೆಲ್ಲ ಆ ಒಂದು ಗರ್ಜನೆಯ ಮೇಲೆ ನಿಂತಿತ್ತು.

ಅಳಿಯನನ್ನು ನಡುಮನೆಯ ಕಂಬಕ್ಕೆ ಕಟ್ಟುವ ಕೆಲಸ ಹೆಂಡತಿಯದು. ಪಾರ್ಸೆಲ್ ಕಚೇರಿಯಲ್ಲಿ ಮೂಟೆ ಕಟ್ಟುವುದೇ ಅವಳ ಕಸುಬು.

"ಸಾಕಾ?"

"ಇನ್ನೂ ಬಿಗಿ! ಗೂಳಿ ಅಂದ್ರೆ ಏನಂದ್ಕೊಂಡಿದ್ದೀಯ?"

"ನಿಮ್ಮಿಷ್ಟಪ್ಪಾ" ಎಂದು ಅವಳು ಕಂಬಕ್ಕೆ ಕಾಲು ಕೊಟ್ಟು ಎಳೆದು, ಗಂಟು ಹಾಕಿ, ದರ್ಜಿಯ ಅಂಗಡಿಗೆ ಹೊರಟುಹೋದಳು.

ಅಳಿಯ ಗರ್ಜಿಸಿದ. ಹಗ್ಗ ಹರಿಯಲಿಲ್ಲ. ಮತ್ತೆ ಗರ್ಜಿಸಿದ. ಗಂಟು ಇನ್ನಷ್ಟು ಬಿಗಿಯಿತು. ಗೋಡೆಯ ಮೇಲೆ ಅವನೇ ರಿಪೇರಿ ಮಾಡಿದ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಹಾಳಾದ್ದು ಸರಿಯಾಗಿಯೇ ನಡೆಯುತ್ತಿತ್ತು.

"ಹಗ್ಗ ಚೂರುಚೂರಾಯಿತು!" ಎಂದು ಘೋಷಿಸಿದ.

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಆಗಿಲ್ವಲ್ಲ."

"ಆಗುತ್ತೆ, ಬರ್ಕೊಳ್ಳಿ!"

"ಆದಾಗ ಬರ್ಕೋತೀನಿ."

'ಸಮಾಪ್ತಿ' ಎಂದರಷ್ಟೇ ಅತ್ತೆ ಟೈಪ್ ನಿಲ್ಲಿಸಿ ಎದ್ದು ಬರುತ್ತಾರೆ, ಬಿಚ್ಚುತ್ತಾರೆ. ಆದರೆ ಗೂಳಿ ಕಟ್ಟಿಹಾಕಿಸಿಕೊಂಡೇ ಕಾದಂಬರಿ ಮುಗಿದುಹೋಗುತ್ತದೆ! ಅವನು ಹಲ್ಲು ಕಚ್ಚಿ ತಡೆದುಕೊಂಡ. ಮೂರೂ ಮುಕ್ಕಾಲಾಯಿತು. ಕೈ ಜೋಮು ಹಿಡಿಯಿತು. ಮೂಗಿನ ತುದಿಯಲ್ಲಿ ತುರಿಕೆ ಶುರುವಾಗಿ, ಪ್ರಾಣವೆಲ್ಲ ಅಲ್ಲಿಗೇ ಬಂದು ಕೂತಿತು.

"ಅಯ್ಯೋ, ಮೂಗು!" ಟಕಟಕ.

"ಅತ್ತೆ, ಬಿಚ್ಚಿ, ನಿಮ್ಮ ಕಾಲಿಗೆ ಬೀಳ್ತೀನಿ!" ಟಕಟಕ.

"ಅದನ್ನ ಟೈಪ್ ಮಾಡ್ಬೇಡೀ!" ಟಕಟಕಟಕ.

ಗಡಿಯಾರ ನಾಲ್ಕು ಹೊಡೆಯಿತು. ಬಾಗಿಲು ಬಡಿದ ಸದ್ದು.

"ಸಮಾಪ್ತಿ" ಎಂದ ಅಳಿಯ, ಸತ್ತ ದನಿಯಲ್ಲಿ.

ಅತ್ತೆ ಎದ್ದು ಹೋಗಿ ಬಾಗಿಲು ತೆರೆದು, ಪ್ರೆಸ್ಸಿನವರ ಕೈಗೆ ಕೊನೆಯ ಅಧ್ಯಾಯದ ಹಾಳೆಗಳನ್ನಿಟ್ಟರು. ಅವರು ನಿಂತಲ್ಲೇ ಓದಿದರು. ಅಳಿಯ ಕಣ್ಣು ಮುಚ್ಚಿಕೊಂಡ. ಅಳು ಬರುವುದೊಂದು ಬಾಕಿ.

"ಅಬ್ಬಬ್ಬಾ!" ಪ್ರೆಸ್ಸಿನವರು ಕೊನೆಯ ಹಾಳೆಯನ್ನು ಎತ್ತಿ ಹಿಡಿದರು. "ಆ ಮಾಟಗಾತಿ ಅವನ ಅತ್ತೇನೇ ಅಂತ ಕೊನೇಲಿ ಗೊತ್ತಾಗೋದು! ಎಂಥಾ ತಿರುವು ರೀ! ಇವತ್ತೇ ಅಚ್ಚಿಗೆ ಕಳಿಸ್ತೀನಿ. ಎರಡನೇ ಭಾಗ ಬೇಕೇ ಬೇಕು."

ಅಷ್ಟರಲ್ಲಿ ಹೆಂಡತಿ ಬಂದಳು. ಗಂಡನ ಮುಖ ನೋಡಿ ಅಯ್ಯೋ ಪಾಪ ಎನ್ನುತ್ತ ಗಂಟಿಗೆ ಕೈ ಹಾಕಿದವಳು, ಏನೋ ಹೊಳೆದಂತೆ ತಿರುಗಿ ಕೇಳಿದಳು:

"ಎರಡನೇ ಭಾಗ ಎಲ್ಲಿಂದ ಶುರು?"

"ಇದೇ ಕಂಬದಿಂದ" ಎಂದರು ಪ್ರೆಸ್ಸಿನವರು.

ಅವಳು ಗಂಟಿನಿಂದ ಕೈ ತೆಗೆದಳು. ಅತ್ತೆ ಯಂತ್ರಕ್ಕೆ ಹೊಸ ಹಾಳೆ ಏರಿಸಿದರು.